ಬಾಲಮಂದಿರದ ಮಕ್ಕಳ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲಮಂದಿರ ಅಂದರೆ ಮನೆಯಲ್ಲಿ ಇರಲಾಗದ ಮಕ್ಕಳನ್ನು ಇಟ್ಟು ನೋಡಿಕೊಳ್ಳುವ ಜಾಗ. ಅಲ್ಲಿನ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಪ್ರಶ್ನೆಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಶಾಲೆಯ ಮೇಷ್ಟ್ರು, ಟೀಚರ್‌ಗಳು ಕೇಳುತ್ತಾರೆ, ಬಾಲಮಂದಿರದ ಸಿಬ್ಬಂದಿ ಕೇಳುತ್ತಾರೆ, ಪಾಠ ಮಾಡೋಕೆ ಬರುವ ಕಾಲೇಜು ಹುಡುಗ ಹುಡುಗಿಯರು ಕೇಳುತ್ತಾರೆ, ಕೆಲವೊಮ್ಮೆ ಮಗುವಿನ ಅಜ್ಜಿಯೋ ಚಿಕ್ಕಮ್ಮನೋ ಕೇಳುತ್ತಾರೆ. ಕರ್ನಾಟಕದ ವ್ಯವಸ್ಥೆಯನ್ನು ಇಟ್ಟುಕೊಂಡು ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಬಾಲಮಂದಿರದಲ್ಲಿರುವ ಮಕ್ಕಳೆಲ್ಲ ಅನಾಥರಾ?

ಅಲ್ಲ. ಬಹಳ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ, ಕೆಲವರಿಗೆ ಇಬ್ಬರೂ ಇದ್ದಾರೆ. ಮನೆ ಬಿಟ್ಟು ಓಡಿ ಬಂದು ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕವರು, ಗ್ಯಾರೇಜ್ ಅಥವಾ ಹೋಟೆಲ್ ಕೆಲಸದಿಂದ ಬಿಡಿಸಿ ತಂದವರು, ಬಾಲ್ಯವಿವಾಹ ತಡೆದಾಗ ಬಂದ ಹುಡುಗಿಯರು, ಮನೆಯಲ್ಲೇ ಹಿಂಸೆಗೆ ಸಿಕ್ಕವರು, ಅಮ್ಮ ಆಸ್ಪತ್ರೆಯಲ್ಲೋ ಜೈಲಿನಲ್ಲೋ ಇರುವವರು, ಹೀಗೆ ಒಬ್ಬೊಬ್ಬರದು ಒಂದೊಂದು ಕಥೆ.

2015ರ ಬಾಲ ನ್ಯಾಯ ಕಾಯ್ದೆ ಇವರನ್ನು ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳು ಅಂತ ಕರೆಯುತ್ತದೆ. ಮಗು ಸಿಕ್ಕ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ಎಲ್ಲಿರಬೇಕು ಅಂತ ತೀರ್ಮಾನ ಮಾಡುವುದು ಈ ಸಮಿತಿ. ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ, ಅಂದರೆ ಅಪರಾಧದ ಆರೋಪ ಇರುವ ಮಕ್ಕಳಿಗೆ ಬೇರೆ ಮಂಡಳಿ ಇದೆ, ಅವರನ್ನು ಇಡುವ ವೀಕ್ಷಣಾಲಯವೂ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವು ಶಾಲೆಗಳಲ್ಲಿ ಬಾಲಮಂದಿರದ ಮಗುವನ್ನು ಏನೋ ತಪ್ಪು ಮಾಡಿ ಬಂದವನ ಹಾಗೆ ನೋಡುತ್ತಾರೆ. ನನಗೆ ಅತ್ಯಂತ ಬೇಸರ ತರಿಸುವ ಸಂಗತಿ ಇದು.

ಈ ಮಕ್ಕಳು ಓದಿನಲ್ಲಿ ಯಾಕೆ ಹಿಂದೆ ಬೀಳುತ್ತಾರೆ?

ಮೊದಲ ಕಾರಣ, ಓದು ಪದೇ ಪದೇ ತುಂಡಾಗುವುದು. ಒಂದು ಮಗುವಿನ ದಾರಿ ನೋಡಿ. ಊರಿನ ಶಾಲೆಯಲ್ಲಿ ಮೂರನೇ ಕ್ಲಾಸು, ಅಪ್ಪ ಅಮ್ಮ ಕೂಲಿಗೆ ಬೆಂಗಳೂರಿಗೆ ಬಂದಾಗ ಶಾಲೆ ನಿಂತಿತು, ಕಟ್ಟಡದ ಕೆಲಸ ನಡೆಯುವ ಕಡೆ ತಂಗಿಯನ್ನು ನೋಡಿಕೊಂಡಿತ್ತು, ಆಮೇಲೆ ಮನೆಯಲ್ಲಿ ಏನೋ ಆಯಿತು, ಬಾಲಮಂದಿರಕ್ಕೆ ಬಂತು, ಅಲ್ಲಿಂದ ವಯಸ್ಸು ಜಾಸ್ತಿ ಆಯಿತು ಅಂತ ಇನ್ನೊಂದು ಬಾಲಮಂದಿರ, ಆಮೇಲೆ ಬೇರೆ ಜಿಲ್ಲೆ. ಪ್ರತಿ ಸಲ ಹೊಸ ಶಾಲೆ, ಹೊಸ ಟೀಚರ್. ಹಿಂದಿನ ಶಾಲೆಯಲ್ಲಿ ಭಾಗಾಕಾರ ಶುರುವಾಗುವ ಹೊತ್ತಿಗೆ ಮಗು ಹೊರಟಿತ್ತು, ಹೊಸ ಶಾಲೆಯಲ್ಲಿ ಅದು ಮುಗಿದು ಭಿನ್ನರಾಶಿ ನಡೆಯುತ್ತಿದೆ. ನಡುವಿನದನ್ನು ಯಾರೂ ಹೇಳಿಕೊಡುವುದಿಲ್ಲ.

ಜೂನ್‌ನಲ್ಲಿ ನಮ್ಮ ಶಾಲೆಗಳಲ್ಲಿ ಸೇತುಬಂಧ ನಡೆಯುತ್ತದೆ, ಹಿಂದಿನ ವರ್ಷದ್ದು ಎಷ್ಟು ನೆನಪಿದೆ ಅಂತ ನೋಡಿ ತುಂಬಿಸುವ ಕೆಲಸ. ನವೆಂಬರ್‌ನಲ್ಲಿ ಬಂದ ಮಗುವಿಗೆ ಅದೂ ಇಲ್ಲ.

ಎರಡನೆಯದು, ತಲೆಯಲ್ಲಿ ಜಾಗವೇ ಇಲ್ಲದಿರುವುದು. ಅಮ್ಮ ಈ ಭಾನುವಾರ ಬರುತ್ತಾಳಾ, ತಮ್ಮನನ್ನು ಎಲ್ಲಿಟ್ಟಿದ್ದಾರೆ, ನನ್ನನ್ನು ಇಲ್ಲಿಂದ ಯಾವಾಗ ಬಿಡುತ್ತಾರೆ, ಇದೇ ಯೋಚನೆ. ರಾತ್ರಿ ನಿದ್ದೆ ಸರಿಯಾಗಿರುವುದಿಲ್ಲ. ಬೆಳಗ್ಗೆ ಗಣಿತದ ಪೀರಿಯಡ್‌ನಲ್ಲಿ ಕಿಟಕಿ ನೋಡುತ್ತಾ ಕೂತಿದ್ದರೆ ಅದಕ್ಕೆ ಸೋಮಾರಿತನ ಅಂತ ಹೆಸರಿಡುತ್ತೇವೆ.

ಮೂರನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಈ ಮಗುವಿನ ಓದು ನನ್ನ ಜವಾಬ್ದಾರಿ ಅಂತ ಹೇಳುವ ಒಬ್ಬ ದೊಡ್ಡವರೂ ಇಲ್ಲ. ಸೂಪರಿಂಟೆಂಡೆಂಟ್ ಇದ್ದಾರೆ, ಪ್ರೊಬೇಷನ್ ಅಧಿಕಾರಿ ಇದ್ದಾರೆ, ಆಪ್ತ ಸಮಾಲೋಚಕರು ಇದ್ದಾರೆ, ಶಾಲೆಯಲ್ಲಿ ಹೆಡ್‌ಮಾಸ್ಟರ್ ಇದ್ದಾರೆ. ಎಲ್ಲರಿಗೂ ಮಗು ಗೊತ್ತು, ಆದರೆ ಮಗುವಿಗೆ ಕಾಗುಣಿತ ಬರುತ್ತಾ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಬೆಳೆಯುವ ಮಗುವಿಗೆ ಅಮ್ಮನೋ ಅಕ್ಕನೋ ಇಂದು ಏನು ಹೇಳಿಕೊಟ್ಟರು ಅಂತ ಕೇಳುತ್ತಾರೆ ಅಲ್ವಾ, ಅಷ್ಟೇ ಇಲ್ಲಿ ಇಲ್ಲದಿರುವುದು.

ಕೆಲವು ಟೀಚರ್‌ಗಳು "ಇವನಿಗೆ ಬುದ್ಧಿ ಕಡಿಮೆ" ಅನ್ನುತ್ತಾರೆ. ನಿಜವೇ?

ಸುಮ್ನೆ ನೋಡಿ ಹಾಗೆ ಹೇಳಲು ಆಗುವುದಿಲ್ಲ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದ ಮಗು, ಒಂದು ಕಿವಿ ಕೇಳಿಸದ ಮಗು ವರ್ಷಗಟ್ಟಲೆ ದಡ್ಡ ಅನ್ನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುತ್ತದೆ. ರಕ್ತಹೀನತೆ ನೋಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಈ ತಪಾಸಣೆ ಉಚಿತ.

ವಾತಾವರಣ ಮಗುವಿನ ಬುದ್ಧಿಯ ಮೇಲೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ರೊಮೇನಿಯಾದಿಂದ ಬಂದಿದೆ. ಬುಖಾರೆಸ್ಟ್ ನಗರದಲ್ಲಿ 2000ದಲ್ಲಿ ಶುರುವಾದ ಅಧ್ಯಯನ ಅದು. ಅನಾಥಾಲಯದಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು, ಉಳಿದವರು ಇದ್ದ ವ್ಯವಸ್ಥೆಯಲ್ಲೇ ಇದ್ದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿಮತ್ತೆಯ ಅಂಕ ಸ್ಪಷ್ಟವಾಗಿ ಜಾಸ್ತಿ ಇತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರು ಎಲ್ಲರಿಗಿಂತ ಮುಂದಿದ್ದರು. ನಮ್ಮ ಬಾಲ ನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಿರಬೇಕು ಅನ್ನುತ್ತದೆ. ಪೋಷಕತ್ವದಡಿ ಬೇರೆ ಕುಟುಂಬದಲ್ಲಿ ಬೆಳೆಸುವ ದಾರಿ ಅದೇ ಕಾಯ್ದೆಯಲ್ಲಿದೆ. ಅದನ್ನು ಬಳಸುವುದು ತೀರಾ ಕಡಿಮೆ.

ವರ್ಷದ ಮಧ್ಯೆ ಮಗು ಬಂದಿದೆ, ಟಿಸಿ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲ. ಶಾಲೆಯವರು ಸೇರಿಸಿಕೊಳ್ಳಬೇಕಾ?

ಸೇರಿಸಿಕೊಳ್ಳಲೇಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ತೀರಾ ಸ್ಪಷ್ಟವಾಗಿದೆ. 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ದಾಖಲಾತಿ ತಡ ಮಾಡುವ ಹಾಗಿಲ್ಲ, ನಿರಾಕರಿಸುವ ಹಾಗೂ ಇಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. 15ನೇ ಸೆಕ್ಷನ್ ಪ್ರಕಾರ ದಾಖಲಾತಿ ಅವಧಿ ಮುಗಿದಿದೆ ಅನ್ನುವ ಹಾಗೂ ಇಲ್ಲ. ಇದು 6ರಿಂದ 14 ವರ್ಷದ ಮಕ್ಕಳಿಗೆ.

ಹೋಗುವಾಗ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಪ್ರತಿ ಮತ್ತು ಸೂಪರಿಂಟೆಂಡೆಂಟ್ ಬರೆದ ಪತ್ರ ತೆಗೆದುಕೊಂಡು ಹೋಗಿ. ಹೆಡ್‌ಮಾಸ್ಟರ್ ಹಿಂದೇಟು ಹಾಕಿದರೆ ಜಗಳಕ್ಕೆ ನಿಲ್ಲಬೇಡಿ, "ಆಗಲ್ಲ ಅಂತ ಬರೆದುಕೊಡಿ ಸರ್" ಅಂತ ವಿನಯವಾಗಿ ಕೇಳಿ. ಅಲ್ಲಿಗೇ ಅರ್ಧ ಸಮಸ್ಯೆ ಮುಗಿಯುತ್ತದೆ. ಮುಗಿಯದಿದ್ದರೆ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಆಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ.

ಮಗು ಈ ಹಿಂದೆ ಕರ್ನಾಟಕದ ಯಾವುದಾದರೂ ಶಾಲೆಗೆ ಹೋಗಿದ್ದರೆ ಅದಕ್ಕೆ ಸ್ಯಾಟ್ಸ್ ನಂಬರ್ ಇರುತ್ತದೆ, ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ ಅದು. ಊರು, ಶಾಲೆಯ ಹೆಸರು ಮಗುವಿಗೆ ನೆನಪಿದ್ದರೆ ಹಳೇ ಶಾಲೆಗೆ ಫೋನ್ ಮಾಡಿ ಆ ನಂಬರ್ ತರಿಸಬಹುದು. ಇದನ್ನು ಬಿಟ್ಟು ಹೊಸ ನಂಬರ್ ಮಾಡಿಸಿದರೆ ಮುಂದೆ ಹತ್ತನೇ ಕ್ಲಾಸಿನಲ್ಲಿ ಹೆಸರು ಒಂದು ಕಡೆ ಒಂದು ಥರ, ಹುಟ್ಟಿದ ದಿನ ಇನ್ನೊಂದು ಕಡೆ ಇನ್ನೊಂದು ಥರ ಆಗಿ ಮಗು ಒದ್ದಾಡುತ್ತದೆ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅನಾಥ ಮಕ್ಕಳು ಶಾಲೆಗೆ ಸೇರಿದ್ದಾರಾ, ಯಾರು ಹೊರಗುಳಿದಿದ್ದಾರೆ ಅಂತ ಸಮೀಕ್ಷೆ ಮಾಡಲು ರಾಜ್ಯಗಳಿಗೆ ಹೇಳಿದೆ. ಶಾಲೆಯವರ ಜೊತೆ ಮಾತಾಡುವಾಗ ಇದನ್ನೂ ನೆನಪಿಸಬಹುದು.

12 ವರ್ಷದ ಹುಡುಗ, ಅಕ್ಷರವೇ ಬರಲ್ಲ. ಒಂದನೇ ಕ್ಲಾಸಿಗೆ ಹಾಕಬೇಕಾ?

ಬೇಡ, ದಯವಿಟ್ಟು. ಆರು ವರ್ಷದ ಮಕ್ಕಳ ನಡುವೆ ಕೂರಿಸಿದರೆ ಅವಮಾನಕ್ಕೇ ಶಾಲೆ ಬಿಡುತ್ತಾನೆ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಜೊತೆಗೆ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಆ ತರಬೇತಿ ಕನಿಷ್ಠ 3 ತಿಂಗಳು, ಹೆಚ್ಚೆಂದರೆ 2 ವರ್ಷ. ಹೀಗೆ ಸೇರಿದ ಮಗು 14 ದಾಟಿದರೂ ಎಂಟನೇ ಕ್ಲಾಸು ಮುಗಿಸುವವರೆಗೆ ಉಚಿತವಾಗಿ ಓದಬಹುದು.

ತೊಂದರೆ ಎಲ್ಲಿ ಅಂದರೆ, ಮೊದಲರ್ಧ ಆಗುತ್ತದೆ, ಎರಡನೇ ಅರ್ಧ ಆಗುವುದಿಲ್ಲ. ಹುಡುಗನನ್ನು ಏಳನೇ ಕ್ಲಾಸಿಗೆ ಸೇರಿಸುತ್ತಾರೆ, ವಿಶೇಷ ತರಬೇತಿಯನ್ನು ಎಲ್ಲರೂ ಮರೆಯುತ್ತಾರೆ. ಅವನು ಬೋರ್ಡ್ ಮೇಲಿದ್ದದ್ದನ್ನು ಮುದ್ದಾದ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಾನೆ, ಟೀಚರ್ ರೈಟ್ ಹಾಕುತ್ತಾರೆ. ಆದರೆ ಬರೆದದ್ದರಲ್ಲಿ ಒಂದು ಸಾಲನ್ನೂ ಅವನು ಓದಲಾರ. ಇಂಥ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಆದ್ದರಿಂದ ದಾಖಲಾತಿ ದಿನವೇ ವಿಶೇಷ ತರಬೇತಿ ಯಾರು ಕೊಡುತ್ತಾರೆ, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಬರೆಸಿಕೊಂಡು ಬನ್ನಿ.

ಮಗು ಬಂದ ಮೊದಲ ದಿನಗಳಲ್ಲಿ ಓದಿನ ವಿಷಯದಲ್ಲಿ ಏನು ಮಾಡಬೇಕು?

ಒಂದೆರಡು ದಿನ ಏನೂ ಮಾಡಬೇಡಿ. ಊಟ, ನಿದ್ದೆ, ಆಟ, ಮಾತು ಸಾಕು.

ಆಮೇಲೆ ಒಂದು ಸಣ್ಣ ಓದಿನ ಪರೀಕ್ಷೆ. ಹತ್ತು ನಿಮಿಷದ ಕೆಲಸ. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಯವರು ದೇಶವಿಡೀ ಬಳಸುವ ಹಾಳೆ ಕನ್ನಡದಲ್ಲೂ ಇದೆ: ಅಕ್ಷರ, ಪದ, ಒಂದು ಸರಳ ಪ್ಯಾರಾ, ಒಂದು ಪುಟ್ಟ ಕಥೆ. ಮಗು ಎಲ್ಲಿಯವರೆಗೆ ಓದುತ್ತದೆ ಅನ್ನುವುದೇ ಅದರ ಮಟ್ಟ. ಗಣಿತಕ್ಕೂ ಹಾಗೇ: ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಭಾಗಿಸುವುದು. ಬೇರೆ ಮಕ್ಕಳ ಮುಂದೆ ಮಾಡಬೇಡಿ. "ಪರೀಕ್ಷೆ" ಅನ್ನುವ ಮಾತೂ ಬೇಡ, ಜೊತೆಗೆ ಕೂತು ಓದೋಣ ಬಾ ಅಂದರೆ ಸಾಕು.

ಬಂದ ಮಟ್ಟವನ್ನು ಮಗುವಿನ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಬರೆಯಿರಿ. ಬಾಲ ನ್ಯಾಯ ನಿಯಮಗಳ ನಮೂನೆ 7 ಅಂದರೆ ಇದೇ. ಪ್ರತಿ ಮಗುವಿಗೂ ಇದು ಇರಲೇಬೇಕು. ಅದರಲ್ಲಿ ಶಿಕ್ಷಣದ ಜಾಗದಲ್ಲಿ ಸಾಮಾನ್ಯವಾಗಿ "ಶಾಲೆಗೆ ಸೇರಿಸುವುದು" ಅಂತ ಎರಡು ಪದ ಬರೆದು ಮುಗಿಸಿರುತ್ತಾರೆ. ಅದರ ಬದಲು "ಪದ ಓದುತ್ತಾಳೆ, ಒತ್ತಕ್ಷರ ಬರುವುದಿಲ್ಲ, ಡಿಸೆಂಬರ್ ಒಳಗೆ ಪ್ಯಾರಾ ಓದಬೇಕು, ಹೇಳಿಕೊಡುವವರು ಇಂಥವರು" ಅಂತ ಬರೆದರೆ ಮುಂದಿನ ಸಲ ಸಮಿತಿಯ ಮುಂದೆ ಫೈಲ್ ಹೋದಾಗ ಕೇಳುವುದಕ್ಕೆ ಒಂದು ಆಧಾರ ಇರುತ್ತದೆ.

ಮಗುವಿಗೆ ಯಾವುದು ಇಷ್ಟ ಅಂತಲೂ ಕೇಳಿ ಬರೆದಿಡಿ. ಚಿತ್ರ ಬರೆಯುವುದು, ಕಬಡ್ಡಿ, ಹಾಡು, ಮೋಟರ್ ಬಿಚ್ಚಿ ನೋಡುವುದು. ಮುಂದೆ ಅದೇ ಕೈ ಹಿಡಿಯಬಹುದು.

ದೊಡ್ಡ ಮಕ್ಕಳಿಗೆ ಓದಲು ಕಲಿಸುವುದು ಹೇಗೆ? ಅ ಆ ಇ ಈ ಇಂದ ಶುರು ಮಾಡಬೇಕಾ?

ಬೇಡ. ಅ ಆ ಇ ಈ ಕ್ರಮದಲ್ಲಿ ಸುಮಾರು ಐವತ್ತು ಅಕ್ಷರ ಮುಗಿಸುವವರೆಗೆ ಮಗುವಿಗೆ ಒಂದು ಪದ ಓದಿದ ಖುಷಿಯೂ ಸಿಗುವುದಿಲ್ಲ. ನಮ್ಮ ಒಂದನೇ ತರಗತಿಯ ಪಾಠಗಳು ರ ಗ ಸ ದ ಅ ಇಂದ ಶುರುವಾಗುವುದು ಸುಮ್ನೆ ಅಲ್ಲ. ಆ ಐದು ಅಕ್ಷರ ಬಂದ ದಿನವೇ ಸರ, ಅರಸ, ಅಗಸ, ಗರಗಸ ಅಂತ ಮಗು ತಾನೇ ಓದುತ್ತದೆ. ಹನ್ನೆರಡು ವರ್ಷದ ಹುಡುಗನಿಗೂ ಆ ಖುಷಿ ಬೇಕು, ಅವನಿಗೆ ಇನ್ನೂ ಜಾಸ್ತಿ ಬೇಕು.

ಕಾಗುಣಿತದಲ್ಲಿ ನಿಧಾನ ಮಾಡಿ. ಒಂದು ವಾರ ಬರೀ ದೀರ್ಘ, ಮರ ಮತ್ತು ಮಾರ ಬೇರೆ ಅಂತ ಕಿವಿಗೆ ಬೀಳಬೇಕು. ಆಮೇಲೆ ಗುಡಿಸು, ಆಮೇಲೆ ಕೊಂಬು. ಎಲ್ಲರೂ ಎಡವುವುದು ಒತ್ತಕ್ಷರದಲ್ಲಿ. ಅಮ್ಮ, ಅಕ್ಕ, ಹಳ್ಳಿ, ಬೆಕ್ಕು ಅನ್ನುವ ಸಜಾತಿ ಒತ್ತುಗಳಿಂದ ಶುರು ಮಾಡಿ, ರಾಷ್ಟ್ರ ಅನ್ನುವಂಥವನ್ನು ಕೊನೆಗೆ ಇಟ್ಟುಕೊಳ್ಳಿ. ಮತ್ತೆ, ಅಮ್ಮ ಅನ್ನುವ ಪದ ಕೆಲವು ಮಕ್ಕಳಿಗೆ ಕಣ್ಣೀರು ತರಿಸುತ್ತದೆ. ಆಗ ಅಂದಿಗೆ ಪಾಠ ನಿಲ್ಲಿಸಿ, ಪರವಾಗಿಲ್ಲ.

ಓದಲು ಕೊಡುವ ವಸ್ತು ವಯಸ್ಸಿಗೆ ತಕ್ಕದ್ದಾಗಿರಲಿ. ಮೀಸೆ ಚಿಗುರುತ್ತಿರುವ ಹುಡುಗನಿಗೆ ಪುಟ್ಟ ಮಕ್ಕಳ ಪದ್ಯ ಕೊಟ್ಟರೆ ಮುಖ ತಿರುಗಿಸುತ್ತಾನೆ. ಬಸ್ ಬೋರ್ಡ್, ಅಂಗಡಿ ಬೋರ್ಡ್, ಕ್ರಿಕೆಟ್ ಸುದ್ದಿಯ ತಲೆಬರಹ, ಬಿಸ್ಕತ್ ಪೊಟ್ಟಣ, ಅವನೇ ಹೇಳಿದ ಮಾತನ್ನು ನೀವು ದೊಡ್ಡಕ್ಷರದಲ್ಲಿ ಬರೆದುಕೊಟ್ಟ ಹಾಳೆ, ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಅವನದೇ ಮಾತನ್ನು ಅವನೇ ಓದುವಾಗ ಊಹೆ ಸಹಾಯಕ್ಕೆ ಬರುತ್ತದೆ, ಧೈರ್ಯವೂ ಬರುತ್ತದೆ.

ಮಕ್ಕಳನ್ನು ತರಗತಿ ಪ್ರಕಾರ ಕೂರಿಸದೆ ಓದಿನ ಮಟ್ಟದ ಪ್ರಕಾರ ಕೂರಿಸಿ. ದಿನಾ ಮುಕ್ಕಾಲು ಗಂಟೆ, ಒಂದು ದಿನವೂ ತಪ್ಪದೆ. ವಾರಕ್ಕೊಮ್ಮೆ ಮೂರು ಗಂಟೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಅನ್ನುವ ಕಲಿಕಾ ಪದ್ಧತಿಯ ಮೂಲ ಯೋಚನೆಯೂ ಇದೇ ಅಲ್ವಾ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ, ಕ್ಲಾಸಿನ ವೇಗದಲ್ಲಿ ಬೇಡ ಅನ್ನುವುದು.

ಮನೆಮಾತು ಕನ್ನಡ ಅಲ್ಲದ ಮಗು ಬಂದರೆ?

ಮೊದಲು ಮಗು ಇಲ್ಲಿ ಎಷ್ಟು ಕಾಲ ಇರುತ್ತದೆ ಅಂತ ಸಮಿತಿಯ ಹತ್ತಿರ ಕೇಳಿ. ಬಿಹಾರದ ಮಗುವನ್ನು ಎರಡು ತಿಂಗಳಲ್ಲಿ ಅದರ ಊರಿಗೆ ಕಳಿಸುವುದಿದ್ದರೆ ಕನ್ನಡ ಅಕ್ಷರಮಾಲೆಗಿಂತ ಅದಕ್ಕೆ ಹಿಂದಿಯ ಪುಸ್ತಕ ಬೇಕು. ಇಲ್ಲೇ ಇರುವುದಾದರೆ ಮಾತು ಮೊದಲು, ಬರಹ ಆಮೇಲೆ. ಕರ್ನಾಟಕದಲ್ಲಿ ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ನಾಲ್ಕನೇ ಕ್ಲಾಸಿನವರೆಗೆ ಉರ್ದುವಿನಲ್ಲಿ ಓದಿದ ಹುಡುಗಿಯನ್ನು ಹತ್ತಿರ ಇದೆ ಅನ್ನುವ ಒಂದೇ ಕಾರಣಕ್ಕೆ ಕನ್ನಡ ಮಾಧ್ಯಮಕ್ಕೆ ಹಾಕಿದರೆ ಅವಳು ಕಲಿತದ್ದೆಲ್ಲ ಒಂದೇ ದಿನದಲ್ಲಿ ಲೆಕ್ಕಕ್ಕಿಲ್ಲದಂತೆ ಆಗುತ್ತದೆ.

ಮಗು ಬಾಲಮಂದಿರದ್ದು ಅಂತ ಶಾಲೆಯಲ್ಲಿ ಯಾರಿಗೆಲ್ಲ ಹೇಳಬೇಕು?

ಹೆಡ್‌ಮಾಸ್ಟರ್‌ಗೆ, ಕ್ಲಾಸ್ ಟೀಚರ್‌ಗೆ. ಅಷ್ಟೇ. ಅವರಿಗೂ ಕಥೆಯೆಲ್ಲ ಬೇಡ. ಓದಿನ ಮಟ್ಟ, ಆರೋಗ್ಯ, ಏನಾದರೆ ಮಗು ಹೆದರುತ್ತದೆ, ಯಾರು ಕರೆದುಕೊಂಡು ಹೋಗಬಹುದು, ಯಾರ ಜೊತೆ ಕಳಿಸಲೇಬಾರದು, ಇಷ್ಟು ಸಾಕು. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಸಿಗುವ ಹಾಗೆ ಹೆಸರು, ವಿಳಾಸ, ಶಾಲೆ, ಫೋಟೊ ಮಾಧ್ಯಮದಲ್ಲಿ ಹಾಕುವುದು ಅಪರಾಧ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕ್ಲಾಸಿನಲ್ಲಿ "ಬಾಲಮಂದಿರದವರು ಎದ್ದು ನಿಲ್ಲಿ" ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಕೇಳುವವರಿಗೆ ಅದು ಸಣ್ಣ ಮಾತು, ಎದ್ದು ನಿಲ್ಲುವ ಮಗುವಿಗೆ ಅಲ್ಲ. "ನನ್ನ ಕುಟುಂಬ" ಅಂತ ಪ್ರಬಂಧ ಬರೆಸುವಾಗ "ಅಥವಾ ನನಗೆ ಇಷ್ಟವಾದವರು" ಅಂತ ಇನ್ನೊಂದು ವಿಷಯವನ್ನೂ ಕೊಡಿ, ಆ ಮಗು ಕೇಳುವ ಮೊದಲೇ, ಎಲ್ಲರಿಗೂ.

ಪೋಷಕರ ಸಭೆಗೆ ಯಾರು ಹೋಗಬೇಕು?

ಒಬ್ಬರು. ಪ್ರತಿ ಸಲ ಅದೇ ಒಬ್ಬರು. ಈ ಪುಟದಲ್ಲಿ ಒಂದೇ ಒಂದು ಮಾತು ನಡೆಸಿಕೊಡಿ ಅಂತ ನಾನು ಕೇಳುವುದಾದರೆ ಇದನ್ನೇ ಕೇಳುತ್ತೇನೆ. ಪ್ರತಿ ಮಗುವಿನ ಹೆಸರಿನ ಮುಂದೆ ಒಬ್ಬ ದೊಡ್ಡವರ ಹೆಸರು ಬರೆಯಿರಿ. ಗೃಹಮಾತೆಯೋ, ಸಮಾಲೋಚಕರೋ, ಯಾರಾದರೂ ಸರಿ. ಸಭೆಗೆ ಹೋಗುವುದು, ಮಾರ್ಕ್ಸ್ ಕಾರ್ಡ್‌ಗೆ ಸಹಿ ಹಾಕುವುದು, ಶಾಲೆಯ ವಾರ್ಷಿಕೋತ್ಸವದಲ್ಲಿ ಮಗು ಕುಣಿಯುವಾಗ ಮುಂದೆ ಕೂರುವುದು, ಎಲ್ಲ ಅವರೇ. ಮಗುವಿಗೂ ಅವರ ಹೆಸರು ಗೊತ್ತಿರಬೇಕು. ಸೂಪರಿಂಟೆಂಡೆಂಟ್ ಒಬ್ಬರೇ ಐವತ್ತು ಮಕ್ಕಳ ಸಭೆಗೆ ಹೋಗಲಾರರು, ಹೋಗದಿದ್ದಕ್ಕೆ ಅವರನ್ನು ಬೈಯುವುದೂ ಸರಿಯಲ್ಲ, ಆದ್ದರಿಂದಲೇ ಹಂಚಿಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ಇದನ್ನು ಕಾನೂನಿನಲ್ಲೇ ತಂದಿದ್ದಾರೆ. 2014ರ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಆಡಳಿತವೂ ತನ್ನ ಆಸರೆಯಲ್ಲಿರುವ ಮಕ್ಕಳ ಓದಿಗೆಂದೇ ಒಬ್ಬ ಅಧಿಕಾರಿಯನ್ನು ಇಡಬೇಕು. ವರ್ಚುವಲ್ ಸ್ಕೂಲ್ ಹೆಡ್ ಅಂತ ಅವರನ್ನು ಕರೆಯುತ್ತಾರೆ. ಮಕ್ಕಳು ಬೇರೆ ಬೇರೆ ಶಾಲೆಯಲ್ಲಿದ್ದರೂ ಎಲ್ಲರೂ ಒಂದೇ ಶಾಲೆಯಲ್ಲಿದ್ದಾರೆ ಅನ್ನುವ ಹಾಗೆ ಅವರ ಹಾಜರಿ, ಕಲಿಕೆ ನೋಡಿಕೊಳ್ಳುವುದು ಅವರ ಕೆಲಸ. ಪ್ರತಿ ಶಾಲೆಯಲ್ಲೂ ಈ ಮಕ್ಕಳಿಗೆ ಗೊತ್ತುಮಾಡಿದ ಒಬ್ಬ ಟೀಚರ್ ಇರುತ್ತಾರೆ. ನಮ್ಮ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಇದೆ. ಅಲ್ಲಿ ಒಬ್ಬರಿಗೆ ಓದಿನ ಜವಾಬ್ದಾರಿಯನ್ನೇ ಪೂರ್ತಿ ಕೊಟ್ಟರೆ, ಬಿಇಒ ಕಚೇರಿಯ ಜೊತೆ ತಿಂಗಳಿಗೊಮ್ಮೆ ಕೂತು ಪ್ರತಿ ಮಗುವಿನ ಹೆಸರು ಹಿಡಿದು ಮಾತಾಡಿದರೆ, ಬಹಳ ಬದಲಾಗುತ್ತದೆ ಅಂತ ನನ್ನ ನಂಬಿಕೆ.

ಬಾಲಮಂದಿರದೊಳಗೆ ಓದುವ ವಾತಾವರಣ ಹೇಗೆ ತರುವುದು?

ಕೆಲವು ಸಣ್ಣ ವಿಷಯಗಳು. ಸಂಜೆ ಓದುವ ಹೊತ್ತಿಗೆ ಟಿವಿ ಆಫ್. ಸಾಕಷ್ಟು ಬೆಳಕು. ಪ್ರತಿ ಮಗುವಿಗೂ ಬೀಗ ಹಾಕುವ ಪೆಟ್ಟಿಗೆ, ಯಾಕೆಂದರೆ ಪೆನ್ಸಿಲ್ ಉಳಿಯದ ಕಡೆ ಓದೂ ಉಳಿಯುವುದಿಲ್ಲ. ಕಥೆ ಪುಸ್ತಕಗಳು ಬೀರುವಿನ ಒಳಗೆ ಬೀಗದಲ್ಲಿ ಇರಬಾರದು, ಕೈಗೆ ಸಿಗಬೇಕು, ಹರಿದರೆ ಹರಿಯಲಿ.

ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಬರುವವರಿಗೆ ಓದುವ ಹೊತ್ತು ಕೊಡಬೇಡಿ. ಕೇಕ್, ಹಾಡು, ಫೋಟೊ ಅಂತ ವಾರಕ್ಕೆ ಮೂರು ಸಂಜೆ ಹೋದರೆ ಮಕ್ಕಳು ಯಾವಾಗ ಓದಬೇಕು? ಭಾನುವಾರ ಮಧ್ಯಾಹ್ನ ಬನ್ನಿ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಮಿತಿಯ ಮುಂದೆ ಹಾಜರಿ, ಆಸ್ಪತ್ರೆ, ಕೋರ್ಟ್ ಇವು ಶಾಲೆಯ ದಿನವನ್ನು ತಿನ್ನುತ್ತವೆ. ಪರೀಕ್ಷೆಯ ವೇಳಾಪಟ್ಟಿಯನ್ನು ಸಮಿತಿಗೆ ಮೊದಲೇ ಕೊಟ್ಟರೆ ಬೇರೆ ದಿನ ಕೊಡುತ್ತಾರೆ. ಕೇಳಬೇಕು ಅಷ್ಟೇ.

ಹೊಡೆಯುವುದು, ಶಾಲೆಯಲ್ಲಾದರೂ ಬಾಲಮಂದಿರದಲ್ಲಾದರೂ, ಕಾನೂನು ಪ್ರಕಾರ ನಿಷಿದ್ಧ. ಹೊಡೆತದಿಂದಲೇ ತಪ್ಪಿಸಿಕೊಂಡು ಬಂದ ಮಗುವಿಗೆ ಮಗ್ಗಿ ಬರಲಿಲ್ಲ ಅಂತ ಹೊಡೆದರೆ ಅದು ಮತ್ತೆಂದೂ ಬಾಯಿ ಬಿಡುವುದಿಲ್ಲ.

ನಾನು ವಾರಕ್ಕೊಮ್ಮೆ ಬಂದು ಪಾಠ ಮಾಡಬಹುದಾ?

ಬನ್ನಿ, ಆದರೆ ಒಂದು ಶೈಕ್ಷಣಿಕ ವರ್ಷ ಪೂರ್ತಿ ಬರುವುದಾದರೆ ಮಾತ್ರ. ಈ ಮಕ್ಕಳನ್ನು ಬಿಟ್ಟು ಹೋದವರು ಈಗಾಗಲೇ ಬಹಳ ಜನ. ಎರಡು ತಿಂಗಳು ಬಂದು ಪ್ರೀತಿ ಹಚ್ಚಿಸಿ ಮಾಯವಾಗುವುದಕ್ಕಿಂತ ಬರದಿರುವುದು ವಾಸಿ. ಒಬ್ಬರಿಗೆ ಪ್ರತಿದಿನ ಆಗದಿದ್ದರೆ ಆರು ಗೆಳೆಯರು ಸೇರಿ ದಿನ ಹಂಚಿಕೊಳ್ಳಿ, ಒಂದೇ ನೋಟ್‌ಬುಕ್ಕಿನಲ್ಲಿ ಇಂದು ಎಲ್ಲಿಗೆ ನಿಲ್ಲಿಸಿದೆವು ಅಂತ ಬರೆದಿಡಿ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಅನುಮತಿ ಬೇಕು. ಗುರುತಿನ ದಾಖಲೆ, ಪೊಲೀಸ್ ಪರಿಶೀಲನೆ ಕೇಳುತ್ತಾರೆ, ಅದು ಸರಿಯಾದದ್ದೇ. ಸೆಲ್ಫಿ ಬೇಡ. ಒಂದು ಮಗುವಿಗೆ ಮಾತ್ರ ಉಡುಗೊರೆ ಬೇಡ. "ನಿನಗೆ ಏನಾಯ್ತು, ಅಪ್ಪ ಎಲ್ಲಿ" ಅಂತ ಕೇಳಬೇಡಿ. ಹೇಳಬೇಕು ಅನ್ನಿಸಿದರೆ ಮಗುವೇ ಹೇಳುತ್ತದೆ. ಹೇಳಿದ್ದರಲ್ಲಿ ಹಿಂಸೆಯ ವಿಷಯ ಇದ್ದರೆ ಗುಟ್ಟಾಗಿ ಇಟ್ಟುಕೊಳ್ಳುವ ಹಾಗಿಲ್ಲ, ಅಂದೇ ತಿಳಿಸಬೇಕು.

ಬಡತನದಿಂದ ಓದಿಸಲು ಆಗುತ್ತಿಲ್ಲ. ಮಗುವನ್ನು ಬಾಲಮಂದಿರಕ್ಕೆ ಸೇರಿಸಬಹುದಾ?

ಓದಿಗಾಗಿ ಮಾತ್ರ ಅಂತಾದರೆ ಬೇಡ. ಗಂಡ ತೀರಿಕೊಂಡ ಹೆಣ್ಣುಮಕ್ಕಳು, ಮೊಮ್ಮಕ್ಕಳನ್ನು ಸಾಕುವ ಅಜ್ಜಿಯಂದಿರು ಇದನ್ನು ಜಾಸ್ತಿ ಕೇಳುತ್ತಾರೆ. ಮಗು ಮನೆಯಲ್ಲೇ ಇದ್ದು ಓದಲಿ ಅಂತಲೇ ಪ್ರಾಯೋಜಕತ್ವ ಯೋಜನೆ ಇದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಾದರೆ 72,000, ಉಳಿದ ಕಡೆ 96,000 ರೂಪಾಯಿ ದಾಟಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗು ಶಾಲೆಗೆ ಹೋಗುತ್ತಿರಬೇಕು. ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ಬಾಲ ಸೇವಾ ಯೋಜನೆ ತಂದಿತು, ಅದರಲ್ಲಿ ತಿಂಗಳಿಗೆ 3,500.

ಮನೆಯಿಂದ ಶಾಲೆ ದೂರ ಅನ್ನುವುದೇ ಸಮಸ್ಯೆ ಆಗಿದ್ದರೆ ಮೊರಾರ್ಜಿ ದೇಸಾಯಿ ಶಾಲೆ, ಕಸ್ತೂರಬಾ ಬಾಲಿಕಾ ವಿದ್ಯಾಲಯ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇವನ್ನು ಮೊದಲು ವಿಚಾರಿಸಿ. ಅಲ್ಲಿ ಮಗು ವಿದ್ಯಾರ್ಥಿಯಾಗಿ ಇರುತ್ತದೆ, ರಜೆಗೆ ಮನೆಗೆ ಬರುತ್ತದೆ.

ಎಸ್‌ಎಸ್‌ಎಲ್‌ಸಿ ಫೇಲಾದರೆ?

ಅದೇ ವರ್ಷ ಮುಂದಿನ ಪರೀಕ್ಷೆಗೆ ಕೂರಿಸಿ, ಒಂದು ದಿನವೂ ಬಿಡುವು ಕೊಡದೆ ಪಾಠ ಮುಂದುವರಿಸಿ. ಶಾಲೆಗೆ ಹೋಗಲಾಗದೆ ವಯಸ್ಸು ಮೀರಿದವರಿಗೆ ಎನ್‌ಐಓಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆ ಇದೆ, 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಆದರೆ ಮುಕ್ತ ಶಾಲೆ ಅಂದರೆ ಪುಸ್ತಕ ಕೊಟ್ಟು ಸುಮ್ಮನಾಗುವುದು ಅಂತ ಆಗಬಾರದು. ಶಾಲೆಯಿಲ್ಲದ ಮಗುವಿಗೆ ಹೇಳಿಕೊಡುವವರು ಇನ್ನೂ ಜಾಸ್ತಿ ಬೇಕು.

ಮಗು ಮನೆಗೆ ವಾಪಸ್ ಹೋಗುವಾಗ ಓದು ಏನಾಗುತ್ತದೆ?

ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಫೆಬ್ರವರಿಯಲ್ಲಿ ಚಿಕ್ಕಪ್ಪ ಬಂದು ಕರೆದುಕೊಂಡು ಹೋಗುತ್ತಾರೆ, ಮಾರ್ಚ್ ಪರೀಕ್ಷೆ ತಪ್ಪುತ್ತದೆ, ಜೂನ್‌ನಲ್ಲಿ ಊರಿನ ಶಾಲೆಗೆ ಯಾರೂ ಸೇರಿಸುವುದಿಲ್ಲ. ಮನೆಗೆ ಹೋಗುವುದು ಒಳ್ಳೆಯದೇ. ತುರ್ತು ಇಲ್ಲದಿದ್ದರೆ ದಸರಾ ರಜೆಗೋ ಬೇಸಿಗೆ ರಜೆಗೋ ಹೊಂದಿಸಿ ಅಂತ ಸಮಿತಿಯನ್ನು ಕೇಳಿ. ಹೋಗುವ ದಿನ ಟಿಸಿ ಮಗುವಿನ ಕೈಯಲ್ಲಿರಲಿ. ಊರಿನ ಹೆಡ್‌ಮಾಸ್ಟರ್‌ಗೆ ಮುಂಚೆಯೇ ಫೋನ್ ಮಾಡಿ. ಮಗು ಹೋದ ತಿಂಗಳ ಮೇಲೆ ಇನ್ನೊಮ್ಮೆ ಫೋನ್ ಮಾಡಿ, ಶಾಲೆಗೆ ಬರುತ್ತಿದೆಯಾ ಅಂತ. ಬೇರೆ ಬಾಲಮಂದಿರಕ್ಕೆ ಕಳಿಸುವಾಗಲೂ ಇದೇ.

18 ತುಂಬಿದ ಮೇಲೆ?

ಇಲ್ಲಿ ಒಂದು ದೊಡ್ಡ ಕಂದಕ ಇದೆ. ಜನವರಿಯಲ್ಲಿ 18 ತುಂಬುತ್ತದೆ, ಪಿಯುಸಿ ಎರಡನೇ ವರ್ಷದ ಪರೀಕ್ಷೆ ಮುಂದಿನ ತಿಂಗಳುಗಳಲ್ಲಿ. ಓದುತ್ತಿರುವ ಮಗು ಪರೀಕ್ಷೆಯ ಮುಂಚೆ ಮನೆ ಹುಡುಕಬೇಕಾ? ಬಾಲ ನ್ಯಾಯ ಕಾಯ್ದೆಯ 46ನೇ ಸೆಕ್ಷನ್‌ನಲ್ಲಿ ಅನುಪಾಲನೆ ಅಂತ ಇರುವುದು ಇದಕ್ಕೇ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಸಿಗುತ್ತದೆ, ಮಿಷನ್ ವಾತ್ಸಲ್ಯದಲ್ಲಿ ಇದಕ್ಕೂ ತಿಂಗಳಿಗೆ 4,000 ರೂಪಾಯಿ ಇದೆ. ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು, 17 ತುಂಬಿದ ಕೂಡಲೇ ಶುರು ಮಾಡಬೇಕು.

ಹತ್ತನೇ ಕ್ಲಾಸಿನಲ್ಲಿದ್ದಾಗಲೇ ಮುಂದೇನು ಅಂತ ಮಗುವಿನ ಜೊತೆ ಕೂತು ಮಾತಾಡಿ. ಹುಡುಗಿಯರೆಲ್ಲ ಟೈಲರಿಂಗ್, ಹುಡುಗರೆಲ್ಲ ಐಟಿಐ ಅಂತ ನಾವೇ ತೀರ್ಮಾನ ಮಾಡುವುದು ಬೇಡ. ಐಟಿಐ ಒಳ್ಳೆಯದೇ, ಅದು ಮಗು ಆರಿಸಿಕೊಂಡದ್ದಾಗಿರಬೇಕು. ನರ್ಸಿಂಗ್, ಡಿಪ್ಲೊಮಾ, ಬಿಕಾಂ, ಕಾನೂನು, ಎಲ್ಲ ತೋರಿಸಿ. ಸಾಧ್ಯವಾದರೆ ಕಾಲೇಜಿಗೆ ಕರೆದುಕೊಂಡು ಹೋಗಿ ತೋರಿಸಿ.

ದಾಖಲೆಗಳ ಒಂದು ಫೈಲ್ ಮಗುವಿನ ಹೆಸರಲ್ಲಿ ಇರಲಿ: ಆಧಾರ್, ಜನನ ಪ್ರಮಾಣಪತ್ರ, ಎಲ್ಲ ಮಾರ್ಕ್ಸ್ ಕಾರ್ಡ್, ಟಿಸಿ, ಬ್ಯಾಂಕ್ ಪಾಸ್‌ಬುಕ್, ಸಮಿತಿಯ ಆದೇಶಗಳು. ಎಲ್ಲದರಲ್ಲೂ ಹೆಸರಿನ ಕಾಗುಣಿತ, ಹುಟ್ಟಿದ ದಿನ ಒಂದೇ ಇದೆಯಾ ಅಂತ ಒಂಬತ್ತನೇ ಕ್ಲಾಸಿನಲ್ಲೇ ನೋಡಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ತಿದ್ದಿಸುವುದು ಕಷ್ಟ.

ಯಾರೂ ಕೇಳುತ್ತಿಲ್ಲ. ಎಲ್ಲಿಗೆ ಹೋಗಲಿ?

ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗಲೂ ತೆಗೆಯುತ್ತಾರೆ, ಮಗುವೂ ತಾನೇ ಮಾಡಬಹುದು. ಶಾಲೆಯ ದಾಖಲಾತಿ ವಿಷಯಕ್ಕೆ ಬಿಇಒ, ಅಲ್ಲಿ ಆಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಶಿಕ್ಷಣ ಹಕ್ಕು ಕಾಯ್ದೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವುದು ಅವರದೇ ಕೆಲಸ. ಬಾಲಮಂದಿರದ ಒಳಗಿನ ವಿಷಯಕ್ಕೆ ಮಕ್ಕಳ ಕಲ್ಯಾಣ ಸಮಿತಿ. ದೂರು ಬರವಣಿಗೆಯಲ್ಲಿರಲಿ, ದಿನಾಂಕ ಹಾಕಿ, ಸ್ವೀಕೃತಿ ಪಡೆದುಕೊಳ್ಳಿ, ಮಗುವಿನ ಹೆಸರಿರುವ ಪತ್ರವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ.